ಗಿರಿಜವ್ವ ಕಟ್ಟಿದ ಡಬ್ಬಿ

ಮೂರನೆಯ ಮಹಡಿಯಿಂದ ಬಿಟ್ಟ ಹಸಿ ಮೊಟ್ಟೆ ಒಡೆಯಬಾರದು. ಮಡಗಾಂವಿನ ಶಾಲೆಯ ವಿಜ್ಞಾನ ಸ್ಪರ್ಧೆಯ ನಿಯಮ ಇಷ್ಟೇ. ಗೆದ್ದವರು ಪಣಜಿಗೆ, ರಾಜ್ಯಮಟ್ಟಕ್ಕೆ. ಏಳನೆಯ ತರಗತಿಯ ನೇತ್ರಾಳಿಗೆ ಅಲ್ಲಿಗೆ ಹೋಗಲೇಬೇಕಿತ್ತು. ಹಿಂದಿನ ವರ್ಷ ಅಣ್ಣ ದೀಪಕ ಹೋಗಿಬಂದು, ಅದನ್ನೇ ಹೇಳಿ ಹೇಳಿ ಅವಳ ತಲೆ ತಿಂದಿದ್ದ.

ತೊಡಕು ಒಂದೇ. ಧಾರವಾಡದಿಂದ ಬಂದು ಊರಿನ ಫಾತೋರ್ಡಾ ಭಾಗದಲ್ಲಿ ಕಿರಾಣಿ ಅಂಗಡಿ ಇಟ್ಟ ಅವರ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿರಲಿಲ್ಲ. ಕ್ರಿಸ್‌ಮಸ್‌ಗೆ ನೆರೆಮನೆಯಿಂದ ಕೇಕು ಬಂದ ತಟ್ಟೆಯನ್ನು ಅಜ್ಜಿ ಗಿರಿಜವ್ವ ಮೂರು ಸಲ ತಿಕ್ಕಿಸಿದ್ದಳು. ಹೀಗಾಗಿ ನೇತ್ರಾ ಟೊಮ್ಯಾಟೊ ಇಟ್ಟು ತಾಲೀಮು ಶುರುಮಾಡಿದಳು. ಮಾಳಿಗೆಯಿಂದ ಬಿದ್ದ ಮೊದಲ ಐದು ಅಂಗಳದಲ್ಲೇ ಸಾರಾದವು.

"ಏನ್ ಮಾಡಾಕತ್ತೀ ಹುಡುಗಿ?"

"ಸೈನ್ಸ್ ಐತಿ ಅಜ್ಜಿ. ಮ್ಯಾಲಿಂದ ಬಿದ್ರೂ ಒಡೀಬಾರ್ದು."

"ಇದಕ್ಕ ಸೈನ್ಸ್ ಯಾಕ ಬೇಕು? ಧಾರವಾಡದಿಂದ ಲಾರಿಯೊಳಗ ಇಪ್ಪತ್ತು ಗಾಜಿನ ಬರಣಿ ತಂದೇನಿ. ಒಂದರ ಒಡದೈತೇನು, ನಿಮ್ಮಪ್ಪನ್ನ ಕೇಳು. ಸರಿ ಅತ್ತಾಗ."

ಅಜ್ಜಿ ಅಂಗಡಿಯ ಚುರುಮುರಿ ಚೀಲ ಬಿಚ್ಚಿದಳು. ಡಬ್ಬಿಯ ತಳಕ್ಕೆ ಚುರುಮುರಿ, ನಡುವೆ ತನ್ನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ ಟೊಮ್ಯಾಟೊ, ಮೇಲೆ ಮತ್ತೆ ಚುರುಮುರಿ, ಅಲುಗದಂತೆ ಒತ್ತಿ. ಆರನೆಯ ಟೊಮ್ಯಾಟೊಗೆ ಗೀರೂ ಬೀಳಲಿಲ್ಲ.

ಸ್ಪರ್ಧೆಯ ದಿನ ಗೆಳತಿ ರಜಿಯಾ ಮೊಟ್ಟೆ ತಂದುಕೊಟ್ಟಳು. ನೇತ್ರಾ ಅದನ್ನು ಕರವಸ್ತ್ರದಲ್ಲಿ ಹಾವಿನ ಮರಿಯಂತೆ ಹಿಡಿದು, ಅಜ್ಜಿಯ ಸೀರೆ ತುಂಡಿನಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ಮುಚ್ಚಿ ತಿರುಗಿದರೆ ಗೇಟಿನಲ್ಲಿ ಅಜ್ಜಿ! ಇಸ್ತ್ರಿ ಸೀರೆ, ಹಣೆ ತುಂಬ ವಿಭೂತಿ.

"ಬಿಸಲು ಭಾಳೈತಿ ಅಜ್ಜಿ, ಮನಿಗಿ ಹೋಗು."

"ನಾ ಕಟ್ಟೂದು ಕಲಿಸಿದ್ದು, ನಾ ನೋಡಬಾರ್ದೇನು? ಒಗಿ ಮೊದಲ."

ಬಲೂನು ಕಟ್ಟಿದವರದು ಒಡೆಯಿತು. ಸ್ಪಂಜು ಸುತ್ತಿದವರದೂ ಒಡೆಯಿತು. ನೇತ್ರಾಳ ಡಬ್ಬಿ ಧಪ್ಪೆಂದು ಬಿತ್ತು; ಹಿಂದೆಯೇ ಅವಳೂ ಮಹಡಿಯಿಂದ ಓಡಿ ಇಳಿದಳು. ತೀರ್ಪುಗಾರರು ಎಲ್ಲರೆದುರು ಕೈಹಾಕಿ ಬೆಳ್ಳಗಿನ ಮೊಟ್ಟೆ ಹೊರತೆಗೆದರು.

"ಟೊಮ್ಯಾಟೊ ಎಲ್ಲೈತಿ?" ಎಂದಳು ಅಜ್ಜಿ.

ನೇತ್ರಾ ಬಗ್ಗಿ ಡಬ್ಬಿಯ ಮುಚ್ಚಳ ಹುಡುಕತೊಡಗಿದಳು. ರಜಿಯಾಳೇ ಹೇಳಿದಳು, "ಟೊಮ್ಯಾಟೊ ಅಲ್ರಿ ಅಜ್ಜಿ, ತತ್ತಿ."

"ನನ್ನ ಸೀರಿಯೊಳಗ?"

ಅಜ್ಜಿ ಮೂಗಿಗೆ ಸೆರಗು ಹಿಡಿದು ಹತ್ತಿರ ಬಂದಳು. ಮೊಟ್ಟೆಯನ್ನು ಮುಟ್ಟದೆ ಬಗ್ಗಿ ಸುತ್ತಲೂ ನೋಡಿದಳು.

"ಎಲ್ಲೂ ಸೀಳಿಲ್ಲ," ಎಂದಳು, ಪಕ್ಕದಲ್ಲಿದ್ದವರಿಗೂ ಕೇಳುವಂತೆ. "ನಾ ಕಟ್ಟಿದ್ದು."

ತೀರ್ಪುಗಾರರಿಗೆ ಇನ್ನೂ ಅನುಮಾನ. ಹಿಂದಿನ ವರ್ಷ ಯಾರೋ ಬೇಯಿಸಿದ ಮೊಟ್ಟೆ ತಂದಿದ್ದರಂತೆ. ಒಡೆದು ತೋರಿಸು ಎಂದು ಬಟ್ಟಲು ಮುಂದಿಟ್ಟರು. ನೇತ್ರಾ ಹುಟ್ಟಿದಾಗಿನಿಂದ ಮೊಟ್ಟೆ ಒಡೆದವಳಲ್ಲ. ಅವಳಿಗೆ ಗೊತ್ತಿದ್ದದ್ದು ರೊಟ್ಟಿಯ ಜೊತೆ ತಿನ್ನಲು ಉಳ್ಳಾಗಡ್ಡಿ ಗುದ್ದಿ ಒಡೆಯುವುದು. ಮೊಟ್ಟೆಯನ್ನು ಮೇಜಿನ ಮೇಲಿಟ್ಟು, ಮುಷ್ಟಿ ಬಿಗಿದು, ಹಾಗೆಯೇ ಒಂದು ಗುದ್ದು ಗುದ್ದಿದಳು.

ಮೊಟ್ಟೆಯ ಹಳದಿ ತೀರ್ಪುಗಾರರ ಟೈಗೆ ಹಾರಿತು, ಲೋಳೆ ಕನ್ನಡಕಕ್ಕೆ. ಒಂದು ಹನಿ ಅಜ್ಜಿಯ ಗಲ್ಲದ ಮೇಲೆ ಕೂತಿತು.

ಕನ್ನಡಕ ಒರೆಸಿಕೊಂಡು ಅವರು ಹಿಂದಿಯಲ್ಲಿ, ಹಸಿಯದ್ದೇ, ಅನುಮಾನವಿಲ್ಲ ಎಂದರು. ಮೊದಲ ಸ್ಥಾನಕ್ಕೆ ನೇತ್ರಾಳ ಹೆಸರು ಬರೆದರು.

ನೇತ್ರಾ ಅಳುಮೋರೆಯಲ್ಲಿ ಅಜ್ಜಿಯ ಕಡೆ ತಿರುಗಿದಳು.

"ಅಳಬ್ಯಾಡ, ಇಬ್ರೂ ಜಳಕ ಮಾಡೂನು. ಪಣಜ್ಯಾಗ ಎಷ್ಟ ಅಂತಸ್ತಿಂದ ಒಗೀಬೇಕು?"

"ಐದು."

"ಹಂಗಾರ ದೊಡ್ಡ ಡಬ್ಬಿ ಬೇಕು. ನಿಮ್ಮಪ್ಪಗ ಬಾಯಿಬಿಟ್ಟಿ ನೋಡು, ಇಬ್ಬರನ್ನೂ ಅಂಗಡಿ ಕಟ್ಟೀಮ್ಯಾಲ ಮಲಗಸ್ತಾನ."