ಮೆತ್ತಗಿದ್ದ ಬನ್ನು

ಮಕ್ಕಳು ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದದ ರೊಟ್ಟಿ ಸ್ವೀಕರಿಸಲು ಮೂರು ದಿನ ಉಳಿದಿರುವಾಗ ಧರ್ಮಪಾಠದ ಟೀಚರು ಒಂಬತ್ತು ಮಕ್ಕಳಿಗೂ ಒಂದೊಂದು ಸಕ್ಕರೆ ಬನ್ನು ಕೊಟ್ಟು ಕಳಿಸಿದರು. ಕಾಗದ ಸುತ್ತಿ ದಾರ ಕಟ್ಟಿದ್ದರು. ಭಾನುವಾರ ಅದನ್ನು ಹಾಗೆಯೇ ವಾಪಸು ತರಬೇಕು. ಒಂದು ಬನ್ನಿನ ಮುಂದೆ ಮನಸ್ಸು ಹಿಡಿಯಲಾರದವರು ಕ್ರಿಸ್ತನಿಗಾಗಿ ಹೇಗೆ ಕಾದಾರು, ಅಂಥವರು ಮುಂದಿನ ವರ್ಷ ಬರಲಿ ಎಂಬುದು ಅವರ ಮಾತು. ಎಲ್ಲದಕ್ಕೂ ಹೊತ್ತು ಗೊತ್ತುಮಾಡುವ ಅವರಿಗೆ ಮಕ್ಕಳು ಗಡಿಯಾರ ಟೀಚರ್ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ನನ್ನ ಮಗಳಿಗೆ ಎಂಟು ವರ್ಷ. ಅನ್ನ ಬೇಯುವ ಮೊದಲೇ ತಟ್ಟೆ ಹಿಡಿದು ನಿಲ್ಲುವವಳು, ಊಟದ ಪ್ರಾರ್ಥನೆಯಲ್ಲಿ ಒಂದು ಕಣ್ಣು ತೆರೆದೇ ಇಡುವವಳು.

"ಮೂರು ದಿನ ತಡ್ಕೋತೀಯಾ ನೀನು?" ಎಂದು ಕೆಣಕಿದೆ.

"ಯೇಸು ಮರಳುಗಾಡಲ್ಲಿ ನಲವತ್ತು ದಿನ ಹಸಿವು ತಡ್ಕೊಂಡಿದ್ದ."

"ಅವನ ಹತ್ತಿರ ಬನ್ನು ಇರಲಿಲ್ಲ ಕಣೆ."

"ಕಲ್ಲನ್ನೇ ರೊಟ್ಟಿ ಮಾಡ್ಕೋ ಅಂತ ಸೈತಾನ ಹೇಳಿದ್ನಲ್ಲಮ್ಮ. ಈಗ ನೀನು ಹೇಳ್ತಿರೋ ಹಾಗೆ."

ಕಪಾಟಿನ ಮೇಲೆ ಎತ್ತಿಡು ಎಂದು ಅವಳೇ ಪೊಟ್ಟಣ ನನ್ನ ಕೈಗೆ ಕೊಟ್ಟಳು. ದಿನಕ್ಕೊಮ್ಮೆ ಇಳಿಸಿಕೊಂಡು ಕಾಗದದ ಮೇಲಿಂದಲೇ ಮೂಸುವಳು, ಮತ್ತೆ ಕೊಡುವಳು.

ಶನಿವಾರ ಮಧ್ಯಾಹ್ನ ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎರಡು ಪಾಳಿ ಒಟ್ಟಿಗೆ ಮುಗಿಸಿ ಬಂದೆ. ಹಿಂದಿನ ದಿನದಿಂದ ಹೊಟ್ಟೆಗೆ ಚಹಾ ಬಿಟ್ಟು ಬೇರೇನೂ ಬಿದ್ದಿರಲಿಲ್ಲ. ಮಗಳು ಚರ್ಚಿನಲ್ಲಿ ಹಾಡಿನ ಅಭ್ಯಾಸಕ್ಕೆ ಹೋಗಿದ್ದಳು. ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಇಪ್ಪತ್ತು ನಿಮಿಷದಲ್ಲಿ ಅನ್ನವಾಗುತ್ತಿತ್ತು. ಅಷ್ಟು ಕಾಯಲು ನನ್ನಿಂದಾಗಲಿಲ್ಲ. ಒಂದು ತುಣುಕು ಮುರಿದುಕೊಂಡು ಮತ್ತೆ ಕಟ್ಟಿಟ್ಟರಾಯಿತು ಎಂದುಕೊಂಡೆ. ನಿಂತಲ್ಲೇ ಇಡೀ ಬನ್ನು ತಿಂದೆ. ಕಾಗದಕ್ಕೆ ಅಂಟಿದ್ದ ಸಕ್ಕರೆಯನ್ನೂ ನೆಕ್ಕಿದೆ. ಅನ್ನಕ್ಕೆ ಇನ್ನೂ ಕುದಿ ಬಂದಿರಲಿಲ್ಲ.

ಓಡಿಹೋಗಿ ಬೀದಿಯ ಬೇಕರಿಯಿಂದ ಅಂಥದ್ದೇ ಒಂದು ಬನ್ನು ತಂದೆ. ಅದೇ ಕಾಗದ ಸುತ್ತಿ, ಅದೇ ದಾರ ಕಟ್ಟಿ, ಕಪಾಟಿನ ಮೇಲಿಟ್ಟೆ. ಯಾರಿಗೆ ಗೊತ್ತಾಗಬೇಕು ಎಂದು ಮುಖ ತೊಳೆದುಕೊಂಡು ಮಲಗಿದೆ, ನಿದ್ದೆಯೂ ಬಂತು.

ಭಾನುವಾರ ಬಲಿಪೂಜೆಗೆ ಮುಂಚೆ ಚರ್ಚಿನ ಪಕ್ಕದ ಕೋಣೆಯಲ್ಲಿ ಟೀಚರು ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ, ಬನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಉಳಿದ ಮಕ್ಕಳ ಎಂಟೂ ಒಣಗಿ ಮರದ ತುಂಡಿನಂತಾಗಿದ್ದವು. ಒಂದಕ್ಕೆ ಇರುವೆ ಮುತ್ತಿತ್ತು, ಅದೂ ಪಾಸಾಯಿತು. ನನ್ನ ಮಗಳದ್ದು ಒತ್ತಿದಲ್ಲಿ ತಗ್ಗಿ, ಮೆಲ್ಲಗೆ ಮೇಲೆದ್ದಿತು.

"ಇದು ನಿನ್ನೆಯ ಬನ್ನು. ನಾನು ಕೊಟ್ಟಿದ್ದೆಲ್ಲಿ?"

"ಅದೇ ಇದು ಟೀಚರ್. ನಾನು ಬಿಚ್ಚೇ ಇಲ್ಲ."

"ತಿಂದೆ ಅಂತ ಒಪ್ಕೊಂಡಿದ್ರೆ ಒಂದು ಮಾತಾಗ್ತಿತ್ತು. ಬೇರೆ ತಂದಿಟ್ಟು, ದಾರ ಕಟ್ಟಿ, ಈಗ ಸುಳ್ಳು ಬೇರೆ."

"ಅಮ್ಮನ್ನ ಕೇಳಿ. ಅಮ್ಮನೇ ಎತ್ತಿಟ್ಟಿದ್ದು."

ಮಗಳು ಧೈರ್ಯವಾಗಿ ನನ್ನ ಕಡೆ ತಿರುಗಿದಳು. ಉಳಿದ ಎಂಟು ತಾಯಂದಿರೂ ತಿರುಗಿದರು. ನಾನೇ ತಿಂದೆ ಎಂದಿದ್ದರೆ ಮುಗಿಯುತ್ತಿತ್ತು. ಹಸಿದ ಹೆಂಗಸೊಬ್ಬಳನ್ನು ನೋಡಿ ಅವರು ನಕ್ಕುಬಿಡುತ್ತಿದ್ದರೋ ಏನೋ.

"ತಪ್ಪಾಯ್ತು ಅನ್ನು ಮಗಳೇ," ಎಂದೆ. "ಬೇಗ ಅನ್ನು, ಪೂಜೆಗೆ ಹೊತ್ತಾಯ್ತು."

ಅವಳು ಬನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಅರ್ಥವಾದದ್ದು ನನಗೆ ಕಾಣಿಸಿತು. ಅಳಲಿಲ್ಲ.

"ತಪ್ಪಾಯ್ತು ಟೀಚರ್."

ಬಿಳಿ ಫ್ರಾಕಿನಲ್ಲೇ ಅವಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದರು. ಪ್ರಸಾದ ಕೊಡುವಾಗಲೂ ನಾನು ಅವಳ ಜೊತೆ ಕೂತೇ ಇರಬಹುದಿತ್ತು. ಆದರೆ ಪ್ರಸಾದಕ್ಕೆ ಏಳದಿದ್ದರೆ ಯಾಕೆ ಎಂದು ನಾಲ್ಕು ಜನ ಕೇಳುತ್ತಾರೆ. ಎದ್ದು ಸಾಲಿನಲ್ಲಿ ನಿಂತೆ. "ಕ್ರಿಸ್ತರ ಶರೀರ" ಎಂದರು ಫಾದರ್. "ಆಮೆನ್" ಎಂದು ನಾಲಿಗೆ ಚಾಚಿದೆ.

ವಾಪಸು ಬಂದಾಗ ಮಗಳು ಸರಿದು ಜಾಗ ಕೊಟ್ಟಳು. ನಾನು ಮಂಡಿಯೂರಿ ಕಣ್ಣು ಮುಚ್ಚಿದೆ. ಅವಳ ಉಸಿರು ಕಿವಿಗೆ ತಾಕಿತು.

"ಅದು ಹೇಗಿರುತ್ತಮ್ಮ?"

"ಮುಂದಿನ ವರ್ಷ ಗೊತ್ತಾಗುತ್ತೆ," ಎಂದೆ. "ಅಲ್ಲೀವರೆಗೆ ಕಾಯೋದು ಕಲಿ."