ಜಂಕ್ಷನ್ನಿನ ಕಂಬದಲ್ಲಿ ಸುಂದರಕ್ಕ

ಆಧಾರ್ ಕಾರ್ಡಿನ ಫೋಟೋವನ್ನು ದೊಡ್ಡದು ಮಾಡಿ ಶ್ರದ್ಧಾಂಜಲಿ ಫ್ಲೆಕ್ಸಿಗೆ ಹಾಕುವುದನ್ನು ಯಾರು ಶುರು ಮಾಡಿದರೋ, ಅವರಿಗೆ ಕರುಣೆ ಎಂಬುದೇ ಇಲ್ಲ. ಕಾಪು ಜಂಕ್ಷನ್ನಿನ ಕಂಬದಲ್ಲಿ ತೀರಿಹೋದ ಗೆಳತಿ ಅಪ್ಪಿಯ ಫ್ಲೆಕ್ಸ್ ಕಂಡಂದಿನಿಂದ ಮೀನು ಮಾರುವ ಸುಂದರಕ್ಕನಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ. ಎಷ್ಟು ಚೆಂದದ ಹೆಂಗಸು ಅಪ್ಪಿ! ಫ್ಲೆಕ್ಸಿನಲ್ಲಿ ಮಾತ್ರ ಕದಿಯುವಾಗ ಸಿಕ್ಕಿಬಿದ್ದವಳ ಹಾಗೆ ಕಣ್ಣು ಬಿಟ್ಟುಕೊಂಡಿದ್ದಳು. ಹಾಗಾದರೆ ಉಬ್ಬುಹಲ್ಲಿನ ತನ್ನ ಗತಿ? ಹುಡುಗಿಯಾಗಿದ್ದಾಗಿನಿಂದ ಸೆರಗಿನಲ್ಲಿ ಬಾಯಿ ಮುಚ್ಚಿಯೇ ನಕ್ಕವಳು ಅವಳು. ಸತ್ತ ಮೇಲೆ ಮುಚ್ಚಿಕೊಳ್ಳಲು ಕೈ ಎಲ್ಲಿಂದ ಬರಬೇಕು?

ಬದುಕಿರುವಾಗಲೇ ಒಂದು ಒಳ್ಳೆಯ ಫೋಟೋ ತೆಗೆಸಿಡಬೇಕೆಂದು ಉಡುಪಿಯಲ್ಲಿ ನವ್ಯಶ್ರೀ ಎಂಬ ಹುಡುಗಿ ನಡೆಸುವ ಸ್ಟುಡಿಯೋಗೆ ಹೋದಳು. ಗಂಡ ಗುಣಪಾಲ ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗಿದ್ದ, ಹೇಳುವ ಗೋಜಿರಲಿಲ್ಲ. ಹೋದದ್ದೇನೋ ಹೋದಳು, ಕೂತಲ್ಲಿ ಕೂರಲಾಗಲಿಲ್ಲ. ಲೈಟ್ ಹೊತ್ತಿದರೆ ಎದ್ದಳು. ಕ್ಯಾಮೆರಾ ಎತ್ತಿದರೆ ಸೆರಗು ಬಾಯಿಗೆ ಬಂತು.

"ನನಗೆ ಬಸ್ಸಿಗೆ ಹೊತ್ತಾಯಿತು. ಇನ್ನೊಂದು ದಿನ ಬರ್ತೇನೆ."

ನವ್ಯಶ್ರೀ ತಡೆಯಲಿಲ್ಲ, ನಗಿ ಎಂದೂ ಹೇಳಲಿಲ್ಲ. ಕ್ಯಾಮೆರಾವನ್ನು ಅವಳ ಕೈಗೆ ಕೊಟ್ಟು ಸ್ಟೂಲಿನ ಮೇಲೆ ತಾನೇ ಕೂತಳು. "ಹೋಗುವ ಮೊದಲು ನನ್ನದೊಂದು ತೆಗೆಯಿರಿ ಸುಂದರಕ್ಕ. ಈ ಬಟನ್ ಒತ್ತಿದರೆ ಆಯಿತು."

ಸುಂದರಕ್ಕ ಒಂದು ಕಣ್ಣು ಮುಚ್ಚಿ ನೋಡಿದಳು. ಹುಡುಗಿ ಕುತ್ತಿಗೆಯ ಬಿಳಿ ಮಚ್ಚೆಯ ಮೇಲೆ ಶಾಲು ಎಳೆದುಕೊಂಡಳು, ಸರಿಮಾಡಿದಳು, ಮತ್ತೆ ಎಳೆದುಕೊಂಡಳು. ಸುಂದರಕ್ಕನಿಗೆ ಸಿಟ್ಟೇ ಬಂತು.

"ಶಾಲು ಬಿಡು ಮಗಾ! ಇಷ್ಟು ಚೆಂದದ ಮುಖ ಉಂಟು, ಕುತ್ತಿಗೆ ಯಾರು ನೋಡ್ತಾರೆ?"

"ನೀವು ಸೆರಗು ಬಿಟ್ಟರೆ ನಾನೂ ಬಿಡ್ತೇನೆ."

ಚೌಕಾಸಿಯಲ್ಲಿ ಸುಂದರಕ್ಕ ಯಾರಿಗೆ ಸೋತವಳು? "ಮೊದಲು ನೀನು," ಎಂದಳು. ನವ್ಯಶ್ರೀ ಶಾಲು ತೆಗೆದಿಟ್ಟಳು. ಕೊಟ್ಟ ಮಾತಿಗೆ ತಪ್ಪುವಂತಿರಲಿಲ್ಲ. ಸುಂದರಕ್ಕ ಸ್ಟೂಲಿನ ಮೇಲೆ ಕೂತು, ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು, ತನ್ನ ಅವಸ್ಥೆಗೆ ತಾನೇ ನಕ್ಕುಬಿಟ್ಟಳು.

ಫೋಟೋದಲ್ಲಿ ಹಲ್ಲುಗಳೆಲ್ಲ ಇದ್ದವು. ಆದರೂ ಆ ಹೆಂಗಸನ್ನು ನೋಡಿದಷ್ಟೂ ಸಾಲದು ಅನ್ನಿಸಿತು. ಇದನ್ನು ಕಪಾಟಿನಲ್ಲಿಟ್ಟು ಸಾಯುವವರೆಗೆ ಕಾಯುವುದೆಂದರೆ ಎಂತ ಮೂರ್ಖತನ! ವಾರದೊಳಗೆ 'ಸುಂದರಕ್ಕನ ತಾಜಾ ಮೀನು' ಎಂಬ ಫ್ಲೆಕ್ಸ್ ಅದೇ ಕಂಬಕ್ಕೆ ಏರಿತು. ಆ ಕಂಬದಲ್ಲಿ ಸತ್ತವರ ಮುಖ ಮಾತ್ರ ಕಂಡು ಊರಿಗೆ ರೂಢಿ ಎಂಬುದು ಆ ಖುಷಿಯಲ್ಲಿ ಅವಳಿಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಗುಣಪಾಲ ಮಲ್ಪೆಯಲ್ಲಿ ಬೋಟಿನಿಂದ ಇಳಿದು ಬಸ್ಸಿನಲ್ಲಿ ಬಂದ. ಜಂಕ್ಷನ್ನಿನಲ್ಲಿ ಹಾರಿ ಇಳಿದವನು, ಚಪ್ಪಲಿ ಎಲ್ಲಿ ಬಿತ್ತೆಂಬ ಪರಿವೆಯಿಲ್ಲದೆ ಮಾರ್ಕೆಟಿಗೆ ಓಡಿ ಬಂದು, ಮೀನಿನ ಬುಟ್ಟಿಯ ಹಿಂದೆ ಕೂತ ಹೆಂಡತಿಯನ್ನು ಕಂಡು ಅಲ್ಲೇ ಕುಸಿದ.

"ಅಯ್ಯೋ, ನಿಮಗೆ ಎಂತ ಆಯಿತು?"

"ಕಂಬದಲ್ಲಿ ನೀನು..." ಎಂದವನು ಎಲ್ಲರೆದುರು ಅತ್ತುಬಿಟ್ಟ.

ಸುಂದರಕ್ಕನಿಗೆ ಆಗ ಹೊಳೆಯಿತು. ಈ ಮನುಷ್ಯ ಅತ್ತದ್ದನ್ನು ಅವಳು ಕಂಡವಳೇ ಅಲ್ಲ. "ಅದು ವ್ಯಾಪಾರದ ಬೋರ್ಡು ಮಾರಾಯ್ರೆ! ಹೆಸರು ಬರೆದದ್ದು ಓದಲಿಲ್ವಾ?"

"ಓಡುವ ಬಸ್ಸಿನಿಂದ ಹೆಸರು ಎಲ್ಲಿ ಓದುವುದು? ಹಲ್ಲು ನೋಡಿಯೇ ನೀನೆಂದು ಗೊತ್ತಾದದ್ದು."