ಹದಿನೇಳನೆಯ ನಡೆ

ಆ ಊರಿನಲ್ಲಿ ಚದುರಂಗದ ಹುಚ್ಚಿಲ್ಲದವರು ಬೇಕೆಂದರೆ ತೊಟ್ಟಿಲಲ್ಲೇ ಹುಡುಕಬೇಕು. ಲೋನಪ್ಪನ್ ಮತ್ತು ವೇಲಾಯುಧನ್ ಜೋಡಿಯ ಮಾತಂತೂ ಕೇಳಲೇಬೇಡಿ. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಭಾನುವಾರ ಲೋನಪ್ಪನ್ ಇಗರ್ಜಿಯ ಪ್ರಾರ್ಥನೆ ಮುಗಿಸಿ ನೇರವಾಗಿ ಚಹದಂಗಡಿಯ ಬೆಂಚಿಗೆ ಬರುತ್ತಿದ್ದ. ರಬ್ಬರ್ ತೋಟದ ಕೆಲಸ ಮುಗಿಸಿದ ವೇಲಾಯುಧನ್ ಕಾಯಿ ಜೋಡಿಸಿ ಕಾದಿರುತ್ತಿದ್ದ. ಒಬ್ಬ ಯೋಚಿಸುವಾಗ ಇನ್ನೊಬ್ಬ ತುಟಿ ಬಿಚ್ಚಬಾರದು. ಅಂಗಡಿಯವನೂ ಅಷ್ಟೇ, ಚಹ ಇಟ್ಟು ಸದ್ದಿಲ್ಲದೆ ಹೋಗಬೇಕು.

"ಇವತ್ತು ನಿನ್ನ ಮೀಸೆ ಬೋಳಿಸದೆ ಬಿಡಲ್ಲ ಕಣೋ," ಎಂದ ಆ ಭಾನುವಾರ ಲೋನಪ್ಪನ್.

"ಮೊದ್ಲು ನಿಮ್ಮ ರಾಜನ್ನ ನೋಡ್ಕೊಳ್ಳಿ ಚೇಟ್ಟಾ," ಎಂದ ವೇಲಾಯುಧನ್. ಹಿರಿಯನಾದ ಲೋನಪ್ಪನ್ ಅವನಿಗೆ ಯಾವಾಗಲೂ ಚೇಟ್ಟ, ಅಂದರೆ ಅಣ್ಣ.

ಹದಿನೇಳನೆಯ ನಡೆ. ಲೋನಪ್ಪನ್ ತನ್ನ ಮಂತ್ರಿಯನ್ನು ತಂದು ವೇಲಾಯುಧನ ಕುದುರೆಯ ಬಾಯಿಗೇ ಇಟ್ಟ. ಕೈ ತಡವರಿಸಿತು. ಏನೋ ಅಂದ, ಮಾತು ತೊದಲಿತು. ಬಾಯಲ್ಲಿ ಎಲೆಅಡಿಕೆ ಇರಬೇಕು ಎಂದುಕೊಂಡ ವೇಲಾಯುಧನ್ ತಲೆ ಎತ್ತಲಿಲ್ಲ.

ಬಿಟ್ಟಿ ಮಂತ್ರಿ! ಲೋನಪ್ಪನ್ ಬಿಟ್ಟಿ ಕೊಡುವ ಆಸಾಮಿಯೇ? ಇದರಲ್ಲೇನೋ ಕಿತಾಪತಿ ಇದೆ. ವೇಲಾಯುಧನ್ ಹುಡುಕತೊಡಗಿದ. ಚಹ ಆರಿತು, ಬಸ್ಸು ಬಂದು ಹೋಯಿತು, ಬಿಸಿಲು ಬೆನ್ನಿಗೇರಿತು. ಒಂದೂ ಅವನಿಗೆ ತಿಳಿಯಲಿಲ್ಲ. ಹೆಂಡತಿ, ಸಾಲದ ಕಂತು, ಮೊಣಕಾಲುನೋವು ಯಾವುದೂ ಇಲ್ಲದ ಲೋಕ ಅದು. ಬದುಕಿನಲ್ಲಿ ಅಷ್ಟು ಸುಖವಾಗಿ ಅವನು ಎಂದೂ ಇದ್ದಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ. ಕೊನೆಗೆ ಸಿಕ್ಕಿತು: ಮಂತ್ರಿಯನ್ನು ಹೊಡೆದರೆ ಆರು ನಡೆಯಲ್ಲಿ ತನ್ನ ರಾಜ ಸಿಕ್ಕಿಬಿದ್ದು ಆಟ ಮುಗಿಯುತ್ತದೆ.

"ಎಂಥಾ ತಲೆ ಚೇಟ್ಟಾ ನಿಮ್ದು," ಎನ್ನುತ್ತ ಮುಖ ಎತ್ತಿದ.

ಲೋನಪ್ಪನ್ ಗೋಡೆಗೆ ವಾಲಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿ ಜೊಲ್ಲು ಸುರಿಯುತ್ತಿತ್ತು. ಕಣ್ಣು ಮಾತ್ರ ವೇಲಾಯುಧನನ್ನೇ ನೋಡುತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, "ಪಾರ್ಶ್ವವಾಯು ಹೊಡೆದಿದೆ. ಶುರುವಾಗಿದ್ದು ಯಾವಾಗ?"

"ಹದಿನೇಳನೇ ನಡೇಲಿ, ಮೇಡಂ."

"ಗಂಟೆ ಎಷ್ಟಾಗಿತ್ತು ಅಂತ ಕೇಳ್ತಿರೋದು."

ಪಾಪ, ಅವನಿಗೇನು ಗೊತ್ತು? ಎರಡು ಗಂಟೆಗೂ ಮೇಲಾಗಿದೆ ಎಂದು ಹೇಳಿದವನು ಅಂಗಡಿಯವನು. ಇಬ್ಬರೂ ಯೋಚನೆಯಲ್ಲಿದ್ದಾರೆಂದು ಅವನೂ ಸುಮ್ಮನಿದ್ದನಂತೆ. ಕೂಡಲೇ ತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರಮ್ಮ. ಬುಧವಾರ ಲೋನಪ್ಪನ್ ತೀರಿಕೊಂಡ.

ಏಳನೆಯ ದಿನದ ಪ್ರಾರ್ಥನೆ ಮುಗಿದ ಮೇಲೆ ಲೋನಪ್ಪನ್ ಹೆಂಡತಿ ತ್ರೇಸ್ಯಾ ವೇಲಾಯುಧನನ್ನು ಅಂಗಳದಲ್ಲಿ ತಡೆದಳು.

"ಎದುರಿಗೇ ಕೂತಿದ್ಯಲ್ಲೋ. ಒಂದ್ಸಲನೂ ನಿಂಗೆ ಅನುಮಾನ ಬರಲಿಲ್ವಾ?"

ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಚೇಟ್ಟ ತಪ್ಪು ಆಡಿದ್ರು ಅಂತ ನಂಗೆ ಅನ್ನಿಸ್ಲೇ ಇಲ್ಲ ಚೇಚಿ," ಎಂದ. "ಒಂದೇ ಒಂದ್ಸಲ ಹಾಗನ್ನಿಸಿದ್ರೆ ತಲೆ ಎತ್ತಿ ಮುಖ ನೋಡ್ತಿದ್ದೆ."